ಹಾಗಲಕಾಯಿ ಅಂದರೆ ಪ್ರಾಣ

ನಮ್ಮ ನೆಂಟರಿಷ್ಟರಲ್ಲಿ ನನ್ನ ಬಗ್ಗೆ ಎಲ್ಲರಿಗೂ ಗೊತ್ತಿರುವ ಸಂಗತಿಗಳು ಮೂರು. ನಾನು ಬ್ಯಾಂಕಿನಲ್ಲಿದ್ದೆ. ನನಗೆ ಬಸ್ಸಿನ ಹಿಂದಿನ ಸೀಟು ಆಗುವುದಿಲ್ಲ. ನನಗೆ ಹಾಗಲಕಾಯಿ ಅಂದರೆ ಪ್ರಾಣ. ಮೊದಲನೆಯದು ನಿಜ, 2022ರಲ್ಲಿ ನಿವೃತ್ತನಾದೆ. ಎರಡನೆಯದೂ ನಿಜ, ಆಗುಂಬೆ ಘಾಟಿಯಲ್ಲಿ ನನ್ನ ಪಕ್ಕ ಕೂತಿದ್ದವರನ್ನು ಕೇಳಬಹುದು. ಮೂರನೆಯದು ಶುದ್ಧ ಸುಳ್ಳು. ಮೂರರಲ್ಲಿ ಹೆಚ್ಚು ಪ್ರಚಾರದಲ್ಲಿರುವುದೂ ಅದೇ.

ಆ ಸುಳ್ಳು ಹುಟ್ಟಿದ್ದು 1986ರ ಮಳೆಗಾಲದ ಒಂದು ಭಾನುವಾರ, ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆ ದಾಟಿ ಒಂದಿಷ್ಟು ದೂರ ಹೋದರೆ ಸಿಗುವ ನನ್ನ ಸೋದರತ್ತೆಯ ಮನೆಯಲ್ಲಿ. ಆಗಷ್ಟೇ ಕೆಲಸ ಸಿಕ್ಕಿ ಮೈಸೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದೆ. ಒಂಟಿ ರೂಮು, ಹೋಟೆಲ್ ಊಟ. "ಭಾನುವಾರ ಬಂದು ಉಂಡು ಹೋಗ ಮಾರಾಯ" ಎಂದು ಅತ್ತೆ ಮಗನ ಕೈಯಲ್ಲಿ ಕಾಗದ ಬರೆಸಿದ್ದರು. ಹೋದೆ. ಹೆಂಚಿನ ಮೇಲೆ ಹುರುಳಿ ಸುರಿದ ಹಾಗೆ ಮಳೆ. ಕುಡಿಬಾಳೆ ಎಲೆ ಹಾಕಿ, ನನ್ನನ್ನು ಮಣೆಯ ಮೇಲೆ ಕೂರಿಸಿ, ಅತ್ತೆ ಎದುರಿಗೆ ನಿಂತರು. ಕೋಸಂಬರಿ ಬಂತು, ಪತ್ರೊಡೆ ಬಂತು, ಮಿಡಿ ಉಪ್ಪಿನಕಾಯಿ ಬಂತು. ಅಲ್ಲಿಯವರೆಗೆ ಜೀವನ ಚೆನ್ನಾಗಿತ್ತು. ಆಮೇಲೆ ಎಲೆಯ ಮೇಲೆ, ಕಪ್ಪಗೆ, ಎಣ್ಣೆ ಬಿಟ್ಟುಕೊಂಡು ಹೊಳೆಯುತ್ತಾ, ಒಂದು ಸೌಟು ಹಾಗಲಕಾಯಿ ಗೊಜ್ಜು ಬಿತ್ತು.

ಊಟದ ವಿಷಯದಲ್ಲಿ ಆಗ ನನ್ನದೊಂದು ಪದ್ಧತಿಯಿತ್ತು. ಸೇರದ್ದನ್ನು ಮೊದಲು ಮುಗಿಸುವುದು. ಹಸಿವು ಜೋರಾಗಿರುವಾಗಲೇ ನುಂಗಿಬಿಟ್ಟರೆ ಆಮೇಲೆ ನೆಮ್ಮದಿಯಾಗಿ ಉಣ್ಣಬಹುದು ಎಂಬ ಲೆಕ್ಕ. ಹಾಗೇ ಮಾಡಿದೆ. ಅನ್ನ ಬರುವಷ್ಟರಲ್ಲಿ ಗೊಜ್ಜಿದ್ದ ಜಾಗ ನೆಕ್ಕಿದ ಹಾಗಿತ್ತು. ಎಲೆಯ ಮೇಲೆ ಯಾವುದು ಮೊದಲು ಖಾಲಿಯಾಯಿತು ಎಂದು ನೋಡುತ್ತಾ ನಿಲ್ಲುವವರು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎನ್ನುವುದೊಂದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

"ಅಯ್ಯ, ನಿಂಗೂ ಅಷ್ಟು ಇಷ್ಟನಾ? ಥೇಟ್ ನಮ್ಮಣ್ಣನ ಹಂಗೇ!" ಎಂದರು ಅತ್ತೆ. ಇನ್ನೊಂದು ಸೌಟು ಬಿತ್ತು. ಈ ಸಲ ತುಂಬಿದ ಸೌಟು. "ಹೆಂಗಿದೆ?"

ಇಪ್ಪತ್ನಾಲ್ಕು ವರ್ಷದ ಹುಡುಗ, ಹೊಸ ನೌಕರಿ, ಎದುರಿಗೆ ಮಳೆಯಲ್ಲಿ ತೋಟಕ್ಕೆ ಹೋಗಿ ಕಾಯಿ ಕಿತ್ತು ತಂದಿದ್ದ ಅತ್ತೆ. ಅವರ ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ನಾನು ಹೇಳಿದೆ: "ಇಂಥ ಹಾಗಲಕಾಯಿ ಗೊಜ್ಜು ನಾನು ಜನ್ಮದಲ್ಲೇ ತಿಂದಿಲ್ಲ ಅತ್ತೆ."

ಅಕ್ಷರಶಃ ನೋಡಿದರೆ ಇದು ಸತ್ಯ. ನಮ್ಮ ಮನೆಯಲ್ಲಿ ತಿಥಿಯ ದಿನದ ಪಲ್ಯ ಬಿಟ್ಟರೆ ಹಾಗಲಕಾಯಿ ಹೊಸ್ತಿಲು ದಾಟುತ್ತಿರಲಿಲ್ಲ. ಗೊಜ್ಜಂತೂ ಆದದ್ದೇ ಇಲ್ಲ. ಆದರೆ ಅಕ್ಷರಶಃ ಯಾರು ಕೇಳುತ್ತಾರೆ?

ಮುಂದಿನ ವಾರ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು ಒಂದು ಡಬ್ಬಿ ತಂದುಕೊಟ್ಟರು. ಹಾಗಲಕಾಯಿ ಬಾಳಕ. ಅದರ ಮುಂದಿನ ತಿಂಗಳು ಮತ್ತೊಂದು. ನಾನು ಅದನ್ನು ಮನೆ ಓನರ್ ಹೆಂಗಸಿಗೆ ದಾಟಿಸುತ್ತಿದ್ದೆ. ಆಕೆ ಅತ್ತೆ ಬಂದಾಗ ಎಲ್ಲಿ ಕೃತಜ್ಞತೆ ಸಲ್ಲಿಸಿಬಿಡುತ್ತಾರೋ ಎಂಬ ಭಯಕ್ಕೆ ಅತ್ತೆಯನ್ನು ರೂಮಿಗೆ ಕರೆಯದೆ ಎರಡು ವರ್ಷ ತಳ್ಳಿದೆ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಚಿಕ್ಕಮ್ಮನ ಮನೆಯಲ್ಲಿ, ದೊಡ್ಡಪ್ಪನ ಮನೆಯಲ್ಲಿ, ನಾನು ಹೆಸರು ಮರೆತಿದ್ದ ಯಾವುದೋ ಮಾವನ ಮನೆಯಲ್ಲಿ, ಎಲೆ ಹಾಕಿದೊಡನೆ ಒಳಗಿನಿಂದ ಕೂಗು: "ಹಾಗಲಕಾಯಿ ತಾರೇ, ಅವನಿಗೆ ಪ್ರಾಣ!" ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋದರೆ, ಯಾರೋ ಪುಣ್ಯಾತ್ಮರು ಮುಂಚಿತವಾಗಿ ತಿಳಿಸಿದ್ದರಿಂದ ಅದೇ ಕಾಯಿ ಮೂರು ಅವತಾರ ಎತ್ತಿತ್ತು: ಪಲ್ಯ, ಹುಳಿ, ಗೊಜ್ಜು. ಮೂರನೆಯದನ್ನು ನುಂಗುವಾಗ ನನ್ನ ಮುಖ ಹೆಂಡತಿಗೆ ಕಂಡುಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವಳು ಅದನ್ನು ಮಾಡಿಲ್ಲ. ಆದರೆ ಆ ಗುಟ್ಟು ಅವಳ ಕೈಯಲ್ಲಿರುವ ಬೇರರ್ ಚೆಕ್ಕು. ಯಾವತ್ತು ಬೇಕಾದರೂ ನಗದು ಮಾಡಿಸಿಕೊಳ್ಳಬಹುದು. ಒಂದೆರಡು ಸಲ ಮಾಡಿಸಿಕೊಂಡದ್ದೂ ಉಂಟು. ಒಂದು ಸೀರೆ ಆ ಲೆಕ್ಕದಲ್ಲೇ ಬಂತು.

ಅತ್ತೆ "ಅಣ್ಣನ ಹಂಗೇ" ಎಂದದ್ದು ಮಾತ್ರ ನನಗೆ ಅರ್ಥವಾಗಿರಲಿಲ್ಲ. ಅಪ್ಪ ತಿಥಿಯೂಟದಲ್ಲೂ ಹಾಗಲಕಾಯಿಯನ್ನು ಎಲೆಯ ಅಂಚಿಗೆ ತಳ್ಳಿ, ದೊನ್ನೆಯ ಮರೆಯಲ್ಲಿ ಸಮಾಧಿ ಮಾಡುತ್ತಿದ್ದವರು. ರಜೆಗೆ ಮೈಸೂರಿಗೆ ಹೋದಾಗ, ಅತ್ತೆಯ ಮನೆಯ ಊಟದ ಕಥೆ ಹೇಳಿದೆ. ಅಪ್ಪ ಪೇಪರನ್ನು ನಿಧಾನವಾಗಿ ಕೆಳಗಿಳಿಸಿ, ಕನ್ನಡಕದ ಮೇಲಿಂದ ನೋಡಿದರು.

"ನೀನೂ ಹೇಳಿಬಿಟ್ಟೆಯಾ?"

ಅವರ ಕಥೆ ನನ್ನದಕ್ಕಿಂತ ಹಳೆಯದು. 1955. ಅತ್ತೆಗೆ ಹದಿನೇಳು, ಮದುವೆಯಾಗಿ ಆರು ತಿಂಗಳು. ಇಪ್ಪತ್ತು ಎಲೆ ಬೀಳುವ ಮನೆ. ಮೊದಲ ಸಲ ಒಬ್ಬರೇ ಅಡುಗೆಗೆ ನಿಂತ ದಿನ ಹಾಗಲಕಾಯಿ ಹೆಚ್ಚಿ, ಉಪ್ಪು ಹಾಕಿ ಕಹಿನೀರು ಹಿಂಡುವುದನ್ನು ಮರೆತರು. ಸಾಲದ್ದಕ್ಕೆ ತಳ ಹಿಡಿಸಿದರು. ಪಂಕ್ತಿಯಲ್ಲಿ ಮೊದಲ ತುತ್ತು ಬಾಯಿಗೆ ಹೋದದ್ದೇ ಮಾತು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಅತ್ತೆ ಬಾಯಿ ತೆರೆದರು. ಗೌರಿಹಬ್ಬಕ್ಕೆ ತಂಗಿಯನ್ನು ಕರೆಯಲು ಬಂದಿದ್ದ ಅಪ್ಪ ಆ ಕ್ಷಣಕ್ಕೆ ಸರಿಯಾಗಿ ಗಟ್ಟಿಯಾಗಿ ಕೂಗಿದರು: "ತಂಗೀ, ಇನ್ನೊಂದು ಸ್ವಲ್ಪ ಬಡಿಸು!" ಆಮೇಲೆ ಮತ್ತೊಂದು ಸಲ. ಆಮೇಲೆ ಮೂರನೇ ಸಲ. ಬೀಗರ ಕಡೆಯವನು ಮೂರು ಬಾರಿ ಹಾಕಿಸಿಕೊಂಡ ಪದಾರ್ಥಕ್ಕೆ ಯಾರೂ ಕೊಂಕು ತೆಗೆಯುವ ಹಾಗಿಲ್ಲ. ಬಾಗಿಲಲ್ಲಿ ತೆರೆದ ಬಾಯಿ ಮುಚ್ಚಿಕೊಂಡಿತು.

"ಮೂವತ್ತು ವರ್ಷ ತಿಂದೆ. ಈಗ ಮಂಡಿ ನೋವು ಅಂತ ಆ ಕಡೆ ಹೋಗೋದು ಕಡಿಮೆಯಾಗಿದೆ" ಎಂದರು ಅಪ್ಪ. ಪೇಪರನ್ನು ಮತ್ತೆ ಮೇಲೆತ್ತಿ, ಅದರ ಹಿಂದಿನಿಂದ, "ಇನ್ನು ನೀನು ನೋಡಿಕೋ" ಎಂದರು. ಕೆಲವರಿಗೆ ತಂದೆಯಿಂದ ಜಮೀನು ಬರುತ್ತದೆ.

ತಿಥಿಯ ಪಂಕ್ತಿಗಳಲ್ಲಿ ಪುರೋಹಿತರು ಹೇಳುವ ಒಂದು ಕಥೆಯಿದೆ. ವಸಿಷ್ಠರು ವಿಶ್ವಾಮಿತ್ರರನ್ನು ಶ್ರಾದ್ಧದ ಊಟಕ್ಕೆ ಕರೆದರಂತೆ. ವಿಶ್ವಾಮಿತ್ರರು ಹಟಕ್ಕೆ, ಸಾವಿರದೆಂಟು ತರಕಾರಿ ಆಗಬೇಕು ಎಂದರಂತೆ. ವಸಿಷ್ಠರು ಅರುಂಧತಿಗೆ ಹೇಳುತ್ತೇನೆ ಎಂದರಂತೆ. (ಊಟಕ್ಕೆ ಕರೆಯುವವರು ಒಬ್ಬರು, ಒಲೆ ಮುಂದೆ ನಿಲ್ಲುವವರು ಇನ್ನೊಬ್ಬರು. ಇದೂ ಅಷ್ಟೇ ಪುರಾತನ.) ಆಕೆ ಹೆದರಲಿಲ್ಲ. ಹಾಗಲಕಾಯಿ ನೂರಕ್ಕೆ ಸಮ, ಮಂಗರವಳ್ಳಿ ಮುನ್ನೂರಕ್ಕೆ, ಹಲಸು ಆರುನೂರಕ್ಕೆ, ಉಳಿದ ಎಂಟನ್ನು ಎಂಟಾಗಿಯೇ ಬಡಿಸಿದರೆ ಲೆಕ್ಕ ಸರಿ. ಬ್ಯಾಂಕಿನವನಾಗಿ ನನಗೆ ಈ ಅರುಂಧತಿಯ ಮೇಲೆ ಅಪಾರ ಗೌರವ. ಹಾಗೆಯೇ ವಿಶ್ವಾಮಿತ್ರರ ಮೇಲೆ ಸಣ್ಣ ಸಿಟ್ಟು. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿ ಅವರು ಕಾಡಿಗೆ ಹೋದರು. ನಾವು ಇವತ್ತಿಗೂ ಆ ನೂರನ್ನು ತಿನ್ನುತ್ತಿದ್ದೇವೆ.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕೂತು ನಾನು ಕಲಿತದ್ದು ಒಂದೇ ವಿದ್ಯೆ: ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಜಮಾ ಆಗಿರಲೇಬೇಕು. ಕಂಪ್ಯೂಟರ್ ಬರುವ ಮೊದಲು, ಹಿತ್ತಾಳೆ ಟೋಕನ್ನಿನ ಕಾಲದಲ್ಲಿ, ಸಂಜೆ ಲೆಡ್ಜರಿಗೂ ಡೇ ಬುಕ್ಕಿಗೂ ಒಂದು ರೂಪಾಯಿ ವ್ಯತ್ಯಾಸ ಬಂದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಯಾವ ಲೆಕ್ಕಕ್ಕೂ ಸೇರದ ಮೊತ್ತಕ್ಕೆ ಸಸ್ಪೆನ್ಸ್ ಖಾತೆ ಅಂತ ಒಂದಿತ್ತು. ವಾರಸುದಾರ ಸಿಗುವ ತನಕ ಅಲ್ಲಿ ಕೂರಿಸುವುದು. ಮಾತಿನ ವ್ಯವಹಾರದಲ್ಲಿ ಈ ಶಿಸ್ತು ಕಾಣೆ. ಆಡಿದವನ ಪುಸ್ತಕದಲ್ಲಿ ಒಂದು ಗೆರೆಯೂ ಇರುವುದಿಲ್ಲ. ಕೇಳಿಸಿಕೊಂಡವನ ಪಾಸ್‌ಬುಕ್ಕಿನಲ್ಲಿ ತಾರೀಕಿನ ಸಮೇತ ನಮೂದಾಗಿ, ಬಡ್ಡಿ ಬೆಳೆಯುತ್ತಿರುತ್ತದೆ.

ನನ್ನ ಪಾಸ್‌ಬುಕ್ಕನ್ನೇ ನೋಡಿ. ಆರನೇ ಕ್ಲಾಸಿನ ಗಣಿತದ ಮೇಷ್ಟ್ರು ನನ್ನ ತಲೆಯನ್ನು ಬೆರಳಿನಿಂದ ತಟ್ಟಿ, "ಸೋರೆಬುರುಡೆ, ಒಳಗೆ ಬೀಜ ಅಲ್ಲಾಡೋದು ಕೇಳಿಸ್ತದೆ" ಎಂದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಅವರಿಗೆ ಅದು ಆ ದಿನದ ನಲವತ್ತನೇ ಮಾತು. ನಾನು ಮಾತ್ರ ಮೂವತ್ತಾರು ವರ್ಷ, ದಿನದ ಕೊನೆಗೆ ನಗದು ತಾಳೆಯಾದಾಗಲೆಲ್ಲ, ಒಳಗೊಳಗೇ ಅದನ್ನು ಅವರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ತಪಾಸಣೆ ನಿಂತಿರಲಿಲ್ಲ.

ನಾನು ಬೇರೆಯವರ ಪಾಸ್‌ಬುಕ್ಕಿನಲ್ಲಿ ಏನೇನು ಬರೆದಿದ್ದೇನೆ ಎಂದು ಬಹಳ ದಿನ ಯೋಚಿಸಿರಲಿಲ್ಲ. ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ಹಾಗಲಕಾಯಿಯನ್ನೇ ಹೊಗಳಿದ ಮನುಷ್ಯ. ಒಂದು ಮದುವೆಮನೆಯಲ್ಲಿ ಒಬ್ಬ ಇಂಜಿನಿಯರು ಬಂದು ಕೈಮುಗಿದ. ಅಂಗಿಯ ಜೇಬಿನಲ್ಲಿ ಮೂರು ಪೆನ್ನು. "ಸಾರ್, ನಾನು ಕಾಲೇಜಲ್ಲಿದ್ದಾಗ ನಿಮ್ಮ ಕೌಂಟರಿಗೆ ಬಂದು ಪೆನ್ನು ಕೇಳಿದ್ದೆ. ಪೆನ್ನಿಲ್ಲದೆ ಬ್ಯಾಂಕಿಗೆ ಬರೋದು ಹಲ್ಲಿಲ್ಲದೆ ಕಬ್ಬಿನ ಗದ್ದೆಗೆ ಹೋದ ಹಾಗೆ ಅಂದ್ರಿ. ಸಾಲಲ್ಲಿದ್ದೋರೆಲ್ಲ ನಕ್ಕರು. ಅವತ್ತಿಂದ ಮೂರು ಪೆನ್ನಿಲ್ಲದೆ ಮನೆಯಿಂದ ಹೊರಟಿಲ್ಲ." ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಏನೋ ದೀಕ್ಷೆ ಪಡೆದವನ ಭಕ್ತಿ ಇತ್ತು. ನನಗೆ ಹುಡುಗನೂ ನೆನಪಿಲ್ಲ, ಮಾತೂ ನೆನಪಿಲ್ಲ. ಕಬ್ಬಿನ ಹೋಲಿಕೆ ಮಾತ್ರ ನನ್ನದೇ ಇರಬೇಕು, ಆ ದಿನಗಳಲ್ಲಿ ನಾನು ಅಂಥವನ್ನು ಬಿಡುತ್ತಿದ್ದೆ. ಹೋಗುವಾಗ ಅವನು ಒಂದು ಪೆನ್ನು ಕೊಟ್ಟು ಹೋದ. ಚೆನ್ನಾಗಿ ಬರೆಯುತ್ತದೆ.

ಇದನ್ನು ಮನೆಯಲ್ಲಿ ಹೇಳಿಕೊಂಡು ನಕ್ಕೆವು. ಮುಂದಿನದಕ್ಕೆ ನಗು ಬರಲಿಲ್ಲ.

2008ರಲ್ಲಿ ನನ್ನ ತಂಗಿಯ ಮಗನ ಉಪನಯನ. ಆರತಿಯ ಹೊತ್ತಿಗೆ ಹೆಂಗಸರೆಲ್ಲ ತಂಗಿಗೆ ಗಂಟುಬಿದ್ದರು, ವಟುವಿನ ತಾಯಿ ನೀನೇ ಹಾಡಬೇಕು ಅಂತ. ಅವಳು ನಗುನಗುತ್ತಾ, "ಬೇಡಪ್ಪ, ನಾನು ಹಾಡಿದ್ರೆ ಕೊಡ ತಿಕ್ಕಿದ ಹಾಗಿರುತ್ತೆ" ಎಂದಳು. ಎಲ್ಲರ ಜೊತೆ ನಾನೂ ನಕ್ಕೆ. ಹೋಲಿಕೆ ಚೆನ್ನಾಗಿತ್ತು. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆಯ ಮುಂದೆ ಕೂತು ಕೇಳಿದೆ, "ಯಾರೇ ಹಾಗಂದಿದ್ದು ನಿನಗೆ?"

"ನೀನೇ ಅಣ್ಣ."

1979ರ ಮಾರ್ಚ್, ನನ್ನ ಪಿಯುಸಿ ಪರೀಕ್ಷೆ. ದೀಪ ಹಚ್ಚುವ ಹೊತ್ತು, ಕರೆಂಟು ಹೋಗಿತ್ತು. ನಾನು ನಡುಮನೆಯ ಕಂಬಕ್ಕೆ ಒರಗಿ, ಲಾಂದ್ರದ ಬೆಳಕಲ್ಲಿ ಲಾಗರಿದಮ್ ಪುಸ್ತಕ ಹಿಡಿದಿದ್ದೆನಂತೆ. ಅವಳು ದೇವರ ಮುಂದೆ ಕೂತು ಹೊಸದಾಗಿ ಕಲಿತ ದೇವರನಾಮ ಹಾಡುತ್ತಿದ್ದಳಂತೆ. ಯಾವ ದೇವರನಾಮ, ಎಷ್ಟನೇ ಚರಣದಲ್ಲಿದ್ದಳು, ಅವತ್ತು ಅವಳು ಯಾವ ಲಂಗ ಹಾಕಿದ್ದಳು, ನನ್ನ ಬಳಿ ಎಷ್ಟು ಮೊಂಡಾದ ಪೆನ್ಸಿಲ್ ಇತ್ತು, ಎಲ್ಲವನ್ನೂ ಹೇಳಿದಳು. ನಾನು, "ನಿಲ್ಲಿಸೇ, ಕೊಡ ತಿಕ್ಕಿದ ಹಾಗಿದೆ" ಎಂದೆನಂತೆ. ಅಷ್ಟೇ. ಎರಡನೇ ಸಲ ಹೇಳಿದವನೂ ಅಲ್ಲ. ಅವಳಿಗೆ ಹದಿಮೂರು. ಮುಂದಿನ ವಾರ ಗಂಟಲು ನೋವು ಅಂತ ಹಾಡಿನ ಕ್ಲಾಸಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ತಿಂಗಳಿಗೆ ಐದು ರೂಪಾಯಿ ಉಳಿಯಿತು ಅಂತ ಅಮ್ಮನೂ ಒತ್ತಾಯ ಮಾಡಲಿಲ್ಲ.

ನಾನು ಎಷ್ಟು ತಡಕಿದರೂ ನನ್ನ ಕಡೆಯ ವೋಚರು ಸಿಗಲಿಲ್ಲ. ಆ ಪರೀಕ್ಷೆಯ ಒಂದೊಂದು ವಿಷಯದ ಅಂಕವೂ ನೆನಪಿದೆ, ಆ ಸಂಜೆ ಇಲ್ಲ. ಹೇಳಿದ ಸುಳ್ಳನ್ನು ತುತ್ತುತುತ್ತಿಗೂ ನೆನಪಿಟ್ಟುಕೊಂಡವನ ತಲೆಯಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ. ಮೇಷ್ಟ್ರು ಹೇಳಿದ ಸೋರೆಬುರುಡೆ ಇರಲಿಕ್ಕೂ ಸಾಕು.

"ಈಗ ಹಾಡೇ, ಕೇಳ್ತೀನಿ" ಎಂದೆ. ಅವಳು ಜೋರಾಗಿ ನಕ್ಕಳು. "ಈಗ ಹಾಡಿದ್ರೆ ನಿಜವಾಗ್ಲೂ ಕೊಡ ತಿಕ್ಕಿದ ಹಾಗೇ ಇರುತ್ತೆ ಕಣೋ. ಎಲೆ ತಗೋ." ಸುಣ್ಣ ಸವರಿ ಕೊಟ್ಟಳು. ಬೈದಿದ್ದರೆ ಒಂದು ದಾರಿಯಿತ್ತು.

ಒಬ್ಬಳೇ ಇದ್ದಾಗ ಅವಳು ಗುನುಗುತ್ತಾಳೆ. ಇದು ನನಗೆ ಗೊತ್ತಿರುವುದು, ಒಮ್ಮೆ ಹೇಳದೆ ಕೇಳದೆ ಅವರ ಮನೆಗೆ ಹೋಗಿದ್ದಾಗ ಅಡುಗೆಮನೆಯ ಕಿಟಕಿಯಿಂದ ಕೇಳಿಸಿದ್ದರಿಂದ. ಗೇಟಿನ ಚಿಲಕ ಸದ್ದು ಮಾಡದಂತೆ ಹಿಡಿದುಕೊಂಡು, ಚಪ್ಪಲಿಯನ್ನೂ ಬಿಡದೆ, ಸಂಪಿಗೆ ಗಿಡದ ಪಕ್ಕ ನಿಂತಿದ್ದೆ. ಶ್ರುತಿ ಎಲ್ಲಿಯೂ ಜಾರಲಿಲ್ಲ, ಅಥವಾ ಜಾರಿದ್ದು ನನಗೆ ತಿಳಿಯಲಿಲ್ಲ. ಎದುರು ಮನೆಯವರು "ಯಾರು ಬೇಕಿತ್ತು?" ಎಂದು ಕೂಗಿದರು. ಹಾಡು ನಿಂತಿತು.

ಅತ್ತೆ ತೀರಿಕೊಂಡದ್ದು 2019ರಲ್ಲಿ, ಎಂಬತ್ತೊಂದನೆಯ ವಯಸ್ಸಿಗೆ. ವೈಕುಂಠ ಸಮಾರಾಧನೆಯ ದಿನ ಹೋಗಿದ್ದೆ. ಊಟವಾಗಿ ಜಗಲಿಯ ಮೇಲೆ ಕೂತಾಗ ಅತ್ತಿಗೆ, ಅಂದರೆ ಅತ್ತೆಯ ಸೊಸೆ, ಕಷಾಯ ತಂದುಕೊಟ್ಟು ಹೇಳಿದರು: "ನಿಮಗೊಂದು ವಿಷ್ಯ ಗೊತ್ತನಾ? ನಮ್ಮತ್ತೆಗೆ ಹಾಗಲಕಾಯಿ ಕಂಡ್ರೆ ಆಗ್ತಿರ್ಲಿಲ್ಲ."

ನಾನು ಲೋಟ ಕೆಳಗಿಟ್ಟೆ.

"ಈ ಮನೇಲಿ ಯಾರೂ ತಿನ್ನಲ್ಲ. ನಿಮ್ಮ ಕಾಗದ ಬಂದ್ರೆ, ಆಮೇಲಾಮೇಲೆ ಫೋನು ಬಂದ್ರೆ, ಮಾಡೋದು. ಗೊಜ್ಜು ಇಳಿಸಿ ನನ್ನ ಕರೀತಿದ್ರು, ಉಪ್ಪು ಹುಳಿ ನೋಡೇ ಅಂತ. ತಾವು ನಾಲಿಗೆಗೆ ಮುಟ್ಟಿಸ್ತಿರ್ಲಿಲ್ಲ. ಚಪ್ಪರ ಹಾಕ್ತಿದ್ದಿದ್ದೇ ನಿಮಗೆ ಅಂತ. ಮೊದ್ಲು ನಿಮ್ಮ ಅಪ್ಪಯ್ಯಂಗೆ ಅಂತ."

ಮೂವತ್ಮೂರು ವರ್ಷ. ಸೇರದವರು ಬೆಳೆಸಿ, ಸೇರದವರು ಬೇಯಿಸಿ, ಸೇರದವನಿಗೆ ಬಡಿಸಿದ್ದು. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಒಂದು ಪುಡಿಯನ್ನು ಸೀಸೆಗೆ ಸುರಿಯುವಾಗ ಅದು ಗಾಳಿಗೆ ಹಾರಿತಂತೆ. ಪಕ್ಕದಲ್ಲಿದ್ದ ಸಹೋದ್ಯೋಗಿ, ಎಂಥಾ ಕಹಿ ಎಂದು ಗೊಣಗಿದ. ಫಾಕ್ಸ್‌ಗೆ ಏನೂ ಅನಿಸಲಿಲ್ಲ. ಆ ಒಂದು ಗೊಣಗಾಟದಿಂದಲೇ, ಕಹಿ ಎಲ್ಲರ ನಾಲಿಗೆಗೂ ಒಂದೇ ಅಲ್ಲ, ಅದು ವಂಶದಲ್ಲಿ ಇಳಿದು ಬರುತ್ತದೆ ಎನ್ನುವುದು ಪತ್ತೆಯಾಯಿತು. ಆ ಪುಡಿ ಬೇರೆ, ಹಾಗಲಕಾಯಿ ಬೇರೆ, ಒಪ್ಪಿದೆ. ಆದರೂ ಒಂದೇ ರಕ್ತದ ಮೂರು ನಾಲಿಗೆಗಳು, ಅಣ್ಣ, ತಂಗಿ, ಅಣ್ಣನ ಮಗ, ಅರುವತ್ತು ವರ್ಷ ಒಂದು ಮಾತು ಗೊಣಗದೆ ಕೂತದ್ದರಿಂದ ವಿಜ್ಞಾನಕ್ಕೆ ಆದ ನಷ್ಟ ಸಣ್ಣದಲ್ಲ.

"ಅಣ್ಣ ಮೂರು ಸಲ ಹಾಕಿಸ್ಕೊಂಡಿದ್ದ ಅಂತ ಆ ಕಥೆ ಹೇಳ್ತಿದ್ರು" ಎಂದರು ಅತ್ತಿಗೆ. "ಹೇಳಿ ಸುಮ್ಮನೆ ನಗಾಡೋರು."

ಆ ನಗು ಎಂಥದು? ಅಪ್ಪ ಅವತ್ತು ಯಾಕೆ ಹಾಕಿಸಿಕೊಂಡರು ಅಂತ ಅವರಿಗೆ ಗೊತ್ತಿತ್ತೇ? ತಾನು ಮಾಡಿದ್ದು ಸೀದದ್ದು ಮಾಡಿದವರಿಗೆ ತಿಳಿಯದೇ ಇರುತ್ತದೆಯೇ? ನಾನು ಗೊಜ್ಜನ್ನೇ ಮೊದಲು ಖಾಲಿ ಮಾಡುತ್ತಿದ್ದುದನ್ನು ಅಷ್ಟು ವರ್ಷ ಎದುರಿಗೆ ನಿಂತು ನೋಡಿದವರು. ಮಗುವಿಗೆ ಔಷಧಿ ಕುಡಿಸಿ ಅಭ್ಯಾಸವಿದ್ದವರು. ಕೇಳೋಣವೆಂದರೆ ಗೋಡೆಯ ಮೇಲೆ ಹೊಸ ಫೋಟೊ, ಹಾರ ಹಾಕಿದ್ದು.

ಹೊರಡುವಾಗ ಅತ್ತಿಗೆ ಹಳೆಯ ಪಂಚಾಂಗದ ಹಾಳೆಯಲ್ಲಿ ಒಂದು ಪೊಟ್ಟಣ ಕೊಟ್ಟರು. "ಇನ್ನು ಚಪ್ಪರ ಹಾಕಲ್ಲ. ಅತ್ತೆ ಎತ್ತಿಟ್ಟ ಬೀಜ. ನಿಮಗಿರಲಿ, ಅಷ್ಟು ಇಷ್ಟ ಅಲ್ವಾ." ಆಗ ಬಾಯಿಬಿಟ್ಟು ಹೇಳಬಹುದಿತ್ತು. "ಥ್ಯಾಂಕ್ಸ್ ಅತ್ತಿಗೆ" ಎಂದೆ.

ಹಾಗಲ ಬೀಜ ನೋಡಿದ್ದೀರಾ? ಅಂಚೆಲ್ಲ ಯಾರೋ ಹಲ್ಲಿನಿಂದ ಕಚ್ಚಿಬಿಟ್ಟ ಹಾಗಿರುತ್ತದೆ. 1753ರಲ್ಲಿ ಲಿನೇಯಸ್ ಇದಕ್ಕೆ ಮೊಮೊರ್ಡಿಕಾ ಎಂದು ಹೆಸರಿಟ್ಟಾಗ ಮನಸ್ಸಿನಲ್ಲಿದ್ದದ್ದು ಕಚ್ಚು ಎಂಬ ಅರ್ಥದ ಲ್ಯಾಟಿನ್ ಪದವಂತೆ. ಪೊಟ್ಟಣ ಮೂರು ವರ್ಷ ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಜೊತೆ ಇತ್ತು. ನಿವೃತ್ತನಾದ ಮೇಲೆ, ಮಾಡಲು ಕೆಲಸವಿಲ್ಲದೆ, ಮೈಸೂರಿನ ಮನೆಯ ತಾರಸಿಯ ಕುಂಡದಲ್ಲಿ ಎಂಟು ಬೀಜ ಹಾಕಿದೆ. ಎರಡು ಮೊಳೆತವು. ಒಂದು ನುಗ್ಗಿಕೊಂಡು ಬಂದು ಬಟ್ಟೆ ಒಣಗಿಸುವ ತಂತಿ ಹಿಡಿದು, ಡಿಶ್ ಆ್ಯಂಟೆನಾ ಹತ್ತಿ, ಎರಡು ತಿಂಗಳಲ್ಲಿ ಕಾಯಿಬಿಟ್ಟಿತು.

"ಯಾರು ತಿನ್ನೋರು?" ಎಂದಳು ಹೆಂಡತಿ, ಸೊಂಟಕ್ಕೆ ಕೈಯಿಟ್ಟು.

ಪಕ್ಕದ ಮನೆಗೆ ಆಗಷ್ಟೇ ಹೊಸ ದಂಪತಿ ಬಂದಿದ್ದರು. ಗಂಡಹೆಂಡತಿ ಇಬ್ಬರೂ ಕಂಪ್ಯೂಟರ್ ಮುಂದೆ ಕೂರುವವರು. ನಾಲ್ಕು ಕಾಯಿ ಕಿತ್ತು ಕೊಟ್ಟು ಬಂದೆ. ಮೂರು ದಿನ ಬಿಟ್ಟು ಗೇಟಿನ ಹತ್ತಿರ ಹುಡುಗ ಸಿಕ್ಕಿದ. ಹೇಗಿತ್ತಪ್ಪ ಎಂದೆ.

"ಸೂಪರ್ ಅಂಕಲ್! ಇಂಥ ಹಾಗಲಕಾಯಿ ನಾವು ತಿಂದೇ ಇಲ್ಲ."

ಹೇಳುವಾಗ ಅವನ ಗಂಟಲಗುಳ್ಳೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕಣ್ಣು ನನ್ನ 1986ರದ್ದೇ.

ಒಳಗೆ ಬಂದು ಹೆಂಡತಿಗೆ ಹೇಳಿದೆ: "ಬುಧವಾರದ ಹೊತ್ತಿಗೆ ಇನ್ನಾರು ಬಲಿಯುತ್ತವೆ. ಅವರಿಗೇ ಕೊಡೋಣ, ಹುಡುಗನಿಗೆ ಪ್ರಾಣವಂತೆ."